ರಿಂಗಿಗಿಳಿದ ನಾವಿಕ: ಡಿಂಕೋ ಸಿಂಗ್ ಕಥೆಯೂ ನಮ್ಮ ಹಳಿಯಾಳ ಸೀಮೆಯ ಮಕ್ಕಳೂ

ಭರತ ಹುಣ್ಣಿಮೆ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಗಳ ಭಕ್ತರು ಚಕ್ಕಡಿ ಹೂಡಿಕೊಂಡು ಉಳವಿಯ ಹಾದಿ ಹಿಡಿಯುತ್ತಾರೆ. ಎತ್ತುಗಳ ಕೊರಳಗಂಟೆಯ ನಾದದೊಡನೆ ಹಳಿಯಾಳವನ್ನು ದಾಟಿ, ದಾಂಡೇಲಿಯ ಕಾಡನ್ನು ಹಾಯ್ದು, ಜೋಯಿಡಾ ತಾಲೂಕಿನ ಆ ಪುಣ್ಯಕ್ಷೇತ್ರವನ್ನು ಸೇರಿ ಚನ್ನಬಸವಣ್ಣನವರ ಸಮಾಧಿಗೆ ತಲೆಬಾಗುವುದು ನಮ್ಮ ಎಷ್ಟೋ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯ. ಈ ಹಾದಿಯುದ್ದಕ್ಕೂ ನಾವು ಕಾಡನ್ನು ಕಂಡಿದ್ದೇವೆ, ಕಾಳಿ ನದಿಯನ್ನು ಕಂಡಿದ್ದೇವೆ. ಆದರೆ ಹಾದಿಯ ಬದಿಯಲ್ಲಿ ನಿಂತು ನಮ್ಮ ಚಕ್ಕಡಿಗಳನ್ನು ನೋಡುವ ಮಕ್ಕಳನ್ನು ನಾವು ಕಂಡಿದ್ದೇವೆಯೇ?

ಹಳಿಯಾಳವು ಕುಸ್ತಿಗೆ ಹೆಸರಾದ ಊರು. ಗರಡಿಮನೆಯ ಕೆಮ್ಮಣ್ಣಿನ ವಾಸನೆ ಅಲ್ಲಿಯ ಗಾಳಿಯಲ್ಲಿಯೇ ಬೆರೆತಿದೆ. ಕುಸ್ತಿಪಟುಗಳಿಗಾಗಿ ಸರಕಾರದ ಕ್ರೀಡಾ ವಸತಿ ನಿಲಯವೂ ಅಲ್ಲಿದೆ. ಹಳಿಯಾಳ, ಮುಂಡಗೋಡ, ಜೋಯಿಡಾ ಹಾಗೂ ನೆರೆಯ ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನಾಂಗದವರು ವಾಸಿಸುತ್ತಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಸಮುದ್ರ ಮಾರ್ಗವಾಗಿ ಈ ನಾಡಿಗೆ ಬಂದವರ, ಅಥವಾ ಗುಲಾಮರನ್ನಾಗಿ ತರಲ್ಪಟ್ಟವರ ಸಂತತಿ ಇವರು. ಇಂದು ಅವರ ಮನೆಯ ಮಾತು ಕೊಂಕಣಿ, ಕನ್ನಡ, ಮರಾಠಿಗಳ ಹದವಾದ ಬೆರಕೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರೂ ಇದ್ದಾರೆ. ಈ ಮಕ್ಕಳಿಗೂ ದೂರದ ಮಣಿಪುರದಲ್ಲಿ ಹುಟ್ಟಿದ ಒಬ್ಬ ನಾವಿಕನಿಗೂ ಒಂದು ನಂಟಿದೆ. ಆ ನಂಟನ್ನು ಸಮಾಜಬಾಂಧವರ ಮುಂದೆ ಬಿಡಿಸಿಡುವುದೇ ಈ ಲೇಖನದ ಉದ್ದೇಶ.

ಒಂದೇ ಯೋಜನೆ, ಎರಡು ಕಾಡುಗಳು

ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ‘ವಿಶೇಷ ಪ್ರದೇಶ ಕ್ರೀಡಾ ಯೋಜನೆ’ಯೊಂದನ್ನು ಆರಂಭಿಸಿತು. ಕಾಡು, ಗುಡ್ಡ, ಕಡಲತೀರಗಳಲ್ಲಿ ವಾಸಿಸುವ ಜನರ ಮಕ್ಕಳಲ್ಲಿ ಹುಟ್ಟಿನಿಂದಲೇ ಬಂದ ದೇಹಬಲ ಮತ್ತು ಚುರುಕುತನಗಳನ್ನು ಗುರುತಿಸಿ, ಅವರಿಗೆ ವಸತಿ, ಊಟ, ವಿದ್ಯೆ, ತರಬೇತಿಗಳನ್ನು ಒಂದೇ ಸೂರಿನಡಿ ಒದಗಿಸುವುದು ಅದರ ಗುರಿ. ರಾಜಸ್ಥಾನದ ಬುಡಕಟ್ಟಿನ ಬಿಲ್ಲುಗಾರ ಲಿಂಬಾ ರಾಮ್ ಬೆಳಕಿಗೆ ಬಂದದ್ದು ಈ ಯೋಜನೆಯಿಂದಲೇ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅದು ಬಂದದ್ದು 1987ರಲ್ಲಿ. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಶ್ರೀಮತಿ ಮಾರ್ಗರೇಟ್ ಆಳ್ವ ಅವರ ಆಸಕ್ತಿಯಿಂದ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತ ಮೊದಲಾದ ಆಟಗಳಲ್ಲಿ ಪಳಗಿಸಲಾಯಿತು. ಊರ ಹೊರಗಿನ ಲೋಕವನ್ನೇ ಕಾಣದಿದ್ದ ಮಕ್ಕಳು ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ಕೊರಳಿಗೆ ಹಾಕಿಕೊಂಡರು. ಆದರೆ 1993ರಲ್ಲಿ ಈ ಮಕ್ಕಳ ಪಾಲಿಗೆ ಆ ಬಾಗಿಲು ಮುಚ್ಚಿತು. ಬಹುಪಾಲು ಮಕ್ಕಳು ಮತ್ತೆ ತಮ್ಮ ಹಳ್ಳಿಗಳಿಗೆ ಮರಳಿದರು.

ಅದೇ ಯೋಜನೆಯ ಶಿಕ್ಷಕರು ಮಣಿಪುರದಲ್ಲಿಯೂ ಮಕ್ಕಳನ್ನು ಹುಡುಕುತ್ತಿದ್ದರು. ಇಂಫಾಲದ ಪೂರ್ವಕ್ಕಿರುವ ಸೆಕ್ತಾ ಎಂಬ ಹಳ್ಳಿಯಲ್ಲಿ 1979ರ ಜನವರಿ 1ರಂದು ಜನಿಸಿದ ಙಾಂಗೋಮ್ ಡಿಂಕೋ ಸಿಂಗ್ ಎಂಬ ಬಾಲಕ ಅವರ ಕಣ್ಣಿಗೆ ಬಿದ್ದ. ಮನೆಯಲ್ಲಿ ಕಡುಬಡತನ, ಹುಡುಗ ಬೆಳೆದದ್ದು ಅನಾಥಾಲಯದಲ್ಲಿ. ನಿವೃತ್ತ ಮೇಜರ್ ಓ. ಪಿ. ಭಾಟಿಯಾ ಅವರ ಮಾರ್ಗದರ್ಶನದಲ್ಲಿ ಅವನ ಕೈಗಳಿಗೆ ಮುಷ್ಟಿಯುದ್ಧದ ಶಿಸ್ತು ಬಂದಿತು. 1989ರಲ್ಲಿ ಅಂಬಾಲಾದಲ್ಲಿ ನಡೆದ ರಾಷ್ಟ್ರೀಯ ಕಿರಿಯರ ಪಂದ್ಯಾವಳಿಯಲ್ಲಿ ಅವನು ಗೆದ್ದಾಗ ವಯಸ್ಸು ಕೇವಲ ಹತ್ತು.

ಅನಾಥಾಲಯದ ಊಟ, ವಸತಿ ನಿಲಯದ ಹಾಸಿಗೆ ಇವುಗಳ ಬೆಲೆಯನ್ನು ನಮ್ಮ ಸಮಾಜಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿದ್ಧಗಂಗೆಯ ಮಠದಲ್ಲಿ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಸಾವಿರಾರು ಬಡ ಮಕ್ಕಳು ನಾಡಿಗೆ ಬೆಳಕಾಗಿದ್ದಾರೆ. ಒಂದು ಹೊತ್ತಿನ ಪ್ರಸಾದ ಒಬ್ಬ ಬಾಲಕನ ಹಣೆಬರಹವನ್ನು ಹೇಗೆ ತಿದ್ದಬಲ್ಲದೆಂಬುದನ್ನು ಬಲ್ಲವರಿಗೆ ಡಿಂಕೋನ ಬಾಲ್ಯವು ಪರಿಚಿತವಾಗಿಯೇ ತೋರುತ್ತದೆ.

ನೌಕಾಪಡೆಯ ಸಮವಸ್ತ್ರ

ಬೆಳೆದ ಡಿಂಕೋ ಭಾರತೀಯ ನೌಕಾಪಡೆಯನ್ನು ಸೇರಿದ. ಕ್ರೀಡೆಯಲ್ಲಿ ಪರಿಣತಿ ಪಡೆದ ತರುಣರನ್ನು ನಾವಿಕರನ್ನಾಗಿ ಸೇರಿಸಿಕೊಂಡು, ಸಂಬಳ, ವಸತಿ, ಶಿಸ್ತು ಮತ್ತು ತರಬೇತಿಗಳನ್ನು ನೀಡುವ ಪದ್ಧತಿ ನಮ್ಮ ಸೇನಾಪಡೆಗಳಲ್ಲಿದೆ. ಕೈಯಲ್ಲಿ ಕಾಸಿಲ್ಲದ ಆಟಗಾರನಿಗೆ ಇದಕ್ಕಿಂತ ದೊಡ್ಡ ಆಸರೆ ಮತ್ತೊಂದಿಲ್ಲ. ತಿಂಗಳ ಕೊನೆಗೆ ಊರಿಗೆ ಹಣ ಕಳಿಸಿದೆನೆಂಬ ನೆಮ್ಮದಿಯಿಂದ ಅವನು ಅಭ್ಯಾಸ ಮಾಡಬಲ್ಲ.

ನೌಕಾಪಡೆಯೆಂದರೆ ಘಟ್ಟದ ಮೇಲಿನ ನಮ್ಮ ಮನೆಗಳಿಗೆ ದೂರದ ಮಾತೆನಿಸಬಹುದು. ಆದರೆ ಉಳವಿಯ ಕಾಡು ಮುಗಿದು ಘಟ್ಟ ಇಳಿದರೆ ಕಾರವಾರ. ಅಲ್ಲಿ 2005ರಲ್ಲಿ ಸೇವೆಗೆ ಸೇರ್ಪಡೆಯಾದ ಐಎನ್‌ಎಸ್ ಕದಂಬ ನೌಕಾನೆಲೆಯಿದೆ. ಕನ್ನಡದ ಒಂದು ರಾಜವಂಶದ ಹೆಸರನ್ನು ಹೊತ್ತ ಆ ನೆಲೆಗಾಗಿ ಇದೇ ಜಿಲ್ಲೆಯ ಎಷ್ಟೋ ಕುಟುಂಬಗಳು ತಮ್ಮ ಮನೆಮಠಗಳನ್ನು ಬಿಟ್ಟುಕೊಟ್ಟಿವೆ. ನೀರಿನ ಮೇಲಿನ ದುಡಿಮೆಯೂ ಶರಣ ಪರಂಪರೆಗೆ ಹೊಸದಲ್ಲ. ಜನರನ್ನು ಹೊಳೆ ದಾಟಿಸುತ್ತಿದ್ದ ಅಂಬಿಗರ ಚೌಡಯ್ಯನವರು ಅನುಭಾವಿಗಳ ಸಾಲಿನಲ್ಲಿ ಕುಳಿತವರು. ಹುಟ್ಟು ಹಾಕುವ ಕೈಗೆ ಅನುಭವ ಮಂಟಪದಲ್ಲಿ ಗೌರವ ದೊರೆಯಿತೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಬ್ಯಾಂಕಾಕಿನ ಹತ್ತು ನಿಮಿಷಗಳು

1997ರಲ್ಲಿ ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿನಲ್ಲಿ ನಡೆದ ಕಿಂಗ್ಸ್ ಕಪ್ ಪಂದ್ಯಾವಳಿಯಲ್ಲಿ ಡಿಂಕೋ ಪ್ರಶಸ್ತಿ ಗೆದ್ದುದಲ್ಲದೆ, ಕೂಟದ ಶ್ರೇಷ್ಠ ಬಾಕ್ಸರ್ ಎಂಬ ಮನ್ನಣೆಯನ್ನೂ ಪಡೆದ. ಮರುವರ್ಷ ಡಿಸೆಂಬರ್ ತಿಂಗಳಿನಲ್ಲಿ ಅದೇ ನಗರದಲ್ಲಿ ಏಷ್ಯನ್ ಕ್ರೀಡಾಕೂಟ. ಸಹಜವಾಗಿಯೇ ಅವನು ತನ್ನ ಹೆಸರನ್ನು ತಂಡದ ಪಟ್ಟಿಯಲ್ಲಿ ನಿರೀಕ್ಷಿಸಿದ್ದ. ಆದರೆ ಹೊರಬಂದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಈ ಘಟ್ಟವನ್ನು ಮರೆಮಾಚಿ ಹೇಳಿದರೆ ಕಥೆಗೆ ಅರ್ಥವಿಲ್ಲ. ಇನ್ನೂ ಇಪ್ಪತ್ತು ತುಂಬದ ಆ ಹುಡುಗ ಅವಮಾನವನ್ನು ತಾಳಲಾರದೆ ಮಿತಿಮೀರಿ ಮದ್ಯ ಕುಡಿದು ಎಚ್ಚರದಪ್ಪಿ ಬಿದ್ದ. ಮದ್ಯದಿಂದ ಯಾವ ದುಃಖವೂ ನೀಗುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಆದರೂ ತಂದೆತಾಯಿಯರ ಆಸರೆಯಿಲ್ಲದೆ ಬೆಳೆದ ಒಬ್ಬ ತರುಣನ ಎದೆಯಲ್ಲಿ ಆ ಹೊತ್ತಿಗೆ ಎಂಥ ಬೆಂಕಿ ಎದ್ದಿರಬೇಕೆಂಬುದನ್ನು ಊಹಿಸಿದರೆ ತೀರ್ಪು ಕೊಡುವ ಮನಸ್ಸಾಗುವುದಿಲ್ಲ. ಅವನ ಅತ್ಯಂತ ಕಠಿಣ ಎದುರಾಳಿ ಆಗ ರಿಂಗಿನಲ್ಲಿರಲಿಲ್ಲ, ಅವನೊಳಗೇ ಇದ್ದ. ಕೊನೆಗೆ ತಂಡದಲ್ಲಿ ಅವನಿಗೆ ಸ್ಥಾನ ದೊರೆಯಿತು. ಬಿದ್ದವನು ಎದ್ದು ಬ್ಯಾಂಕಾಕಿಗೆ ಹೊರಟ.

ಮುಷ್ಟಿಯುದ್ಧದ ಲೆಕ್ಕವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಡಿಂಕೋ ಸ್ಪರ್ಧಿಸಿದ್ದು 54 ಕಿಲೋಗ್ರಾಂ ತೂಕದ ವಿಭಾಗದಲ್ಲಿ. ಆ ಕಾಲದ ನಿಯಮದಂತೆ ಪಂದ್ಯವೊಂದಕ್ಕೆ ಎರಡು ನಿಮಿಷಗಳ ಐದು ಸುತ್ತುಗಳು, ಸುತ್ತುಗಳ ನಡುವೆ ಒಂದೊಂದು ನಿಮಿಷದ ವಿಶ್ರಾಂತಿ. ರಿಂಗಿನ ಸುತ್ತ ಐವರು ನಿರ್ಣಾಯಕರು ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು ಕುಳಿತಿರುತ್ತಿದ್ದರು. ಸ್ಪಷ್ಟವಾಗಿ ತಗುಲಿದ ಹೊಡೆತವೊಂದಕ್ಕೆ ಅವರಲ್ಲಿ ಕನಿಷ್ಠ ಮೂವರು ಸುಮಾರು ಒಂದು ಕ್ಷಣದೊಳಗೆ ಗುಂಡಿ ಒತ್ತಿದರೆ ಮಾತ್ರ ಅಂಕ. ಆದ್ದರಿಂದ ಕುರುಡು ಕೋಪದಿಂದ ಕೈಬೀಸುವವನಿಗೆ ಅಲ್ಲಿ ಗೆಲುವಿಲ್ಲ. ಕಾಲಿನ ಚಲನೆ, ಕಣ್ಣಿನ ಎಚ್ಚರ, ಉಸಿರಿನ ಹಿಡಿತ ಇವು ಒಂದಾದಾಗ ಮಾತ್ರ ಹೊಡೆತ ಲೆಕ್ಕಕ್ಕೆ ಬರುತ್ತದೆ.

ಉಪಾಂತ್ಯ ಪಂದ್ಯದಲ್ಲಿ ಎದುರು ನಿಂತವನು ಥಾಯ್ಲೆಂಡಿನ ಸೊಂಟಯಾ ವೊಂಗ್‌ಪ್ರೇಟ್ಸ್. ಆಗ ಜಗತ್ತಿನ ಮೂರನೆಯ ಶ್ರೇಯಾಂಕದವನು. ಊರೂ ಅವನದೇ, ಜನರೂ ಅವನವರೇ. ಅಂಥವನನ್ನು ಡಿಂಕೋ ಮಣಿಸಿದಾಗ ಬಲ್ಲವರೂ ಬೆರಗಾದರು. ಅಂತಿಮ ಪಂದ್ಯದ ಎದುರಾಳಿ ಉಜ್ಬೆಕಿಸ್ತಾನದ ತೈಮೂರ್ ತುಲ್ಯಾಕೋವ್, ಐದನೆಯ ಶ್ರೇಯಾಂಕದವನು. ಅವನ ದೇಶವು ಬಾಕ್ಸಿಂಗಿನಲ್ಲಿ ಏಷ್ಯಾಕ್ಕೇ ಹಿರಿಯಣ್ಣನಂತಿದ್ದ ದೇಶ. ನಾಲ್ಕು ಸುತ್ತುಗಳು ಮುಗಿದವು. ಐದನೆಯ ಸುತ್ತಿಗೆ ಡಿಂಕೋ ಸಿದ್ಧನಾಗಿದ್ದ. ತುಲ್ಯಾಕೋವ್ ಮುಂದುವರಿಯಲಾರದೆ ಪಂದ್ಯವನ್ನು ಬಿಟ್ಟುಕೊಟ್ಟ. 1982ರ ದಿಲ್ಲಿ ಕೂಟದಲ್ಲಿ ಕೌರ್ ಸಿಂಗ್ ಗೆದ್ದ ಬಳಿಕ ಹದಿನಾರು ವರ್ಷ ಕಾದು ಕುಳಿತಿದ್ದ ಭಾರತಕ್ಕೆ ಏಷ್ಯನ್ ಕೂಟದ ಬಾಕ್ಸಿಂಗಿನಲ್ಲಿ ಮತ್ತೆ ಚಿನ್ನ ಬಂದಿತು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಕುಸಿದಿದ್ದ ನಾವಿಕನ ಕೊರಳಲ್ಲಿ ಅದು ತೂಗಿತು.

ಗೆಲುವಿನ ಆಚೆ

ಆ ವರ್ಷದ ಅರ್ಜುನ ಪ್ರಶಸ್ತಿ ಅವನಿಗೆ ಸಂದಿತು. 2013ರಲ್ಲಿ ಪದ್ಮಶ್ರೀ ಗೌರವ ದೊರೆಯಿತು. ನಡುವೆ ಸೋಲೂ ಬಂದಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಯುಕ್ರೇನಿನ ಸೆರ್ಹಿ ಡಾನಿಲ್ಚೆಂಕೋ ಎದುರು ಅವನ ಓಟ ನಿಂತಿತು. ಆದರೆ ಅವನ ಗೆಲುವು ಬಿತ್ತಿದ ಬೀಜ ಬೇರೊಂದು ಹೊಲದಲ್ಲಿ ಮೊಳೆತಿತ್ತು. ಬ್ಯಾಂಕಾಕಿನಿಂದ ಚಿನ್ನದೊಡನೆ ಮರಳಿದ ಡಿಂಕೋನನ್ನು ಕಂಡು, ಮಣಿಪುರದ ಬಡ ಕೃಷಿಕ ಕುಟುಂಬದ ಬಾಲಕಿಯೊಬ್ಬಳು ತಾನೂ ಮುಷ್ಟಿಯುದ್ಧ ಕಲಿಯಬೇಕೆಂದು ನಿಶ್ಚಯಿಸಿದಳು. ಅವಳೇ ಮೇರಿ ಕೋಮ್; 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದವಳು. ಅದೇ ಮಣಿಪುರದ ಸುರಂಜಯ್ ಸಿಂಗ್ ಕೂಡ ನೌಕಾಪಡೆಯನ್ನು ಸೇರಿ, 2010ರ ದಿಲ್ಲಿ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನದ ಪದಕ ಪಡೆದ. ಒಂದು ದೀಪದಿಂದ ಮತ್ತೊಂದು ದೀಪ ಹೊತ್ತಿಕೊಳ್ಳುವುದೆಂದರೆ ಇದೇ.

ಡಿಂಕೋ ಮುಂದೆ ತರಬೇತುದಾರನಾಗಿ ಕಿರಿಯರನ್ನು ತಿದ್ದಿದ. 2017ರಲ್ಲಿ ಯಕೃತ್ತಿನ ಕ್ಯಾನ್ಸರ್ ಅವನನ್ನು ಹಿಡಿಯಿತು. ಚಿಕಿತ್ಸೆಗಾಗಿ ಇಂಫಾಲದ ಮನೆಯನ್ನು ಮಾರಬೇಕಾಯಿತು. 2020ರಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಅವನನ್ನು ವಿಮಾನದ ಮೂಲಕ ದಿಲ್ಲಿಗೆ ಚಿಕಿತ್ಸೆಗೆ ಒಯ್ಯಲಾಯಿತು. ಅದೇ ವರ್ಷ ಕೊರೋನಾ ಸೋಂಕಿಗೂ ಒಳಗಾಗಿ ಅದನ್ನು ಗೆದ್ದುಬಂದ. ಕೊನೆಗೆ 2021ರ ಜೂನ್ 10ರಂದು, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ಈ ಲೋಕವನ್ನು ಬಿಟ್ಟ.

ಆರು ವರ್ಷ, ಒಂಬತ್ತು ವರ್ಷ

ಈಗ ನಮ್ಮ ಹಳಿಯಾಳ ಸೀಮೆಗೆ ಮರಳೋಣ. ಹತ್ತು ವರ್ಷದ ಬಾಲಕನಾಗಿ ಅಂಬಾಲಾದಲ್ಲಿ ಗೆದ್ದ ಡಿಂಕೋ ಏಷ್ಯಾದ ಚಿನ್ನ ಗೆಲ್ಲಲು ತೆಗೆದುಕೊಂಡದ್ದು ಒಂಬತ್ತು ವರ್ಷ. ಸಿದ್ದಿ ಮಕ್ಕಳಿಗೆ ನಾವು ಕೊಟ್ಟದ್ದು 1987ರಿಂದ 1993ರವರೆಗೆ, ಆರು ವರ್ಷ. ಮಾವಿನ ಸಸಿ ನೆಟ್ಟು, ಹೂ ಬಿಡುವ ಹೊತ್ತಿಗೆ ನೀರು ನಿಲ್ಲಿಸಿ, ಈ ಗಿಡಕ್ಕೆ ಫಲ ಬಿಡುವ ಗುಣವಿಲ್ಲವೆಂದರೆ ಅದು ಗಿಡದ ತಪ್ಪಲ್ಲ. ಹಣೆಬರಹವೆಂದು ನಾವು ಕರೆಯುವ ಎಷ್ಟೋ ಸಂಗತಿಗಳು ಇಂಥ ಮೂರು ವರ್ಷಗಳ ಅಂತರದಲ್ಲಿ ಅಡಗಿರುತ್ತವೆ.

ಕಾಲ ಅಲ್ಲಿಗೇ ನಿಂತಿಲ್ಲವೆಂಬುದು ಸಮಾಧಾನದ ಮಾತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿ ಜನಾಂಗಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಜನಾಂಗದಿಂದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲಿಗರು ಅವರು. ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳು ಕುಸ್ತಿಯ ಕಣಕ್ಕಿಳಿದು ರಾಜ್ಯ, ರಾಷ್ಟ್ರ ಮಟ್ಟಗಳಲ್ಲಿ ಗೆದ್ದಿದ್ದಾರೆ. ಮುಂಡಗೋಡ ಭಾಗದಲ್ಲಿ ಈಚಿನ ವರ್ಷಗಳಲ್ಲಿ ಸಿದ್ದಿ ಮಕ್ಕಳಿಗೆ ಮತ್ತೆ ಓಟದ ತರಬೇತಿ ನಡೆದಿದೆ.

ಇಲ್ಲಿ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಭಾಗದ ಜಮೀನುದಾರರ ಹೊಲಗದ್ದೆ, ತೋಟಗಳಲ್ಲಿ ತಲೆಮಾರುಗಳ ಕಾಲ ದುಡಿದವರು ಈ ಜನ. ಆ ಜಮೀನುದಾರರಲ್ಲಿ ಎಲ್ಲ ಸಮಾಜಗಳವರೂ ಇದ್ದರು. ನಮ್ಮವರು ಇರಲಿಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ? ಕಾಯಕದ ಮುಂದೆ ಕುಲವನ್ನು ಕೇಳಬಾರದೆಂದು ಕಲಿಸಿದ ಶರಣರ ಮಕ್ಕಳು ನಾವು. ಉಳವಿಗೆ ಹೋಗುವ ದಾರಿಯಲ್ಲಿರುವ ಮಗುವಿನ ಬೆವರನ್ನು ಗುರುತಿಸದೆ ಉಳವಿಯ ದರ್ಶನ ಪೂರ್ಣವಾಗುವುದು ಹೇಗೆ?

ತಾಯಂದಿರ ಒಂದು ಸಂದೇಹ

ನಮ್ಮ ಮನೆಗಳ ತಾಯಂದಿರು ಕೇಳಬಹುದಾದ ಮಾತೊಂದಿದೆ: "ಹೊಡೆದಾಟವನ್ನು ಆಟವೆಂದು ಕಲಿಸುವುದು ದಯೆಯನ್ನೇ ಧರ್ಮದ ಮೂಲವೆಂದು ನಂಬಿದ ನಮಗೆ ಒಪ್ಪುವುದೇ?" ಈ ಸಂದೇಹಕ್ಕೆ ಗೌರವದಿಂದಲೇ ಉತ್ತರಿಸಬೇಕು. ಮುಷ್ಟಿಯುದ್ಧದಲ್ಲಿ ಅಪಾಯವಿದೆ, ತಲೆಗೆ ಮೇಲಿಂದ ಮೇಲೆ ಬೀಳುವ ಪೆಟ್ಟು ಮೆದುಳಿಗೆ ಕೇಡು ಮಾಡಬಲ್ಲದೆಂಬುದು ವೈದ್ಯರ ಮಾತು. ಆದ್ದರಿಂದ ಅರಿತ ಗುರುವಿಲ್ಲದೆ, ವೈದ್ಯರ ತಪಾಸಣೆಯಿಲ್ಲದೆ, ತಲೆಗವಚ ಮೊದಲಾದ ರಕ್ಷಣೆಗಳಿಲ್ಲದೆ ಮಕ್ಕಳನ್ನು ರಿಂಗಿಗೆ ಇಳಿಸಲೇಬಾರದು. ಮನಸ್ಸೊಪ್ಪದವರಿಗೆ ಓಟವಿದೆ, ಕುಸ್ತಿಯಿದೆ, ಮಲ್ಲಕಂಬವಿದೆ.

ಆದರೆ ದೇಹಬಲವೇ ಧರ್ಮಕ್ಕೆ ಎರವೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ವಚನದ ಕಟ್ಟುಗಳೊಡನೆ ಉಳವಿಯತ್ತ ಹೊರಟಾಗ, ಬೆನ್ನಟ್ಟಿ ಬಂದ ಸೈನ್ಯವನ್ನು ಮಡಿವಾಳ ಮಾಚಿದೇವರು ಎದುರಿಸಿ ನಿಂತರೆಂದು ಪರಂಪರೆ ಹೇಳುತ್ತದೆ. ಬಟ್ಟೆಯ ಮೈಲಿಗೆಯನ್ನು ತೊಳೆದ ಅದೇ ತೋಳುಗಳು ಶರಣ ಸಂಕುಲವನ್ನು ಕಾದವು. ದ್ವೇಷವಿಲ್ಲದ ಬಲ, ನಿಯಮಕ್ಕೆ ತಲೆಬಾಗುವ ಬಲ, ಗಂಟೆ ಬಾರಿಸಿದೊಡನೆ ಕೈ ಇಳಿಸಿ ಎದುರಾಳಿಯನ್ನು ಅಪ್ಪಿಕೊಳ್ಳುವ ಬಲ ಸಾಧನೆಯೇ ಹೌದು.

ನಾವು ಮಾಡಬಹುದಾದದ್ದು

ದೊಡ್ಡ ಯೋಜನೆಗಳು ಸರಕಾರಕ್ಕೆ ಸೇರಿದವು. ಸಣ್ಣ ಕೆಲಸಗಳು ನಮ್ಮ ಕೈಯಲ್ಲಿವೆ. ಊರಿನ ಗರಡಿಮನೆ ಹಾಳುಬಿದ್ದಿದ್ದರೆ ಅದರ ಮಾಡು ಹೊದಿಸಬಹುದು. ಅಭ್ಯಾಸ ಮಾಡುವ ಬಡ ಮಗುವೊಂದಕ್ಕೆ, ಅದು ಯಾವ ಜನಾಂಗದ್ದೇ ಆಗಿರಲಿ, ದಿನಕ್ಕೊಂದು ಲೋಟ ಹಾಲು, ಒಂದು ಹಿಡಿ ಶೇಂಗಾ ಒದಗಿಸಬಹುದು. ಪ್ರಸಾದ ನಿಲಯಗಳಲ್ಲಿ ಓದುವ ಮಕ್ಕಳೊಡನೆ ಆಡುವ ಮಕ್ಕಳಿಗೂ ಒಂದಿಷ್ಟು ಸ್ಥಳ ಕಾದಿರಿಸಬಹುದು. ಸೇನೆಯ, ನೌಕಾಪಡೆಯ ನೇಮಕಾತಿಯ ಪ್ರಕಟಣೆ ಬಂದಾಗ ಅರ್ಜಿ ತುಂಬಲು ತಿಳಿಯದ ಕಾಡಂಚಿನ ತರುಣನಿಗೆ ನಮ್ಮ ಓದಿದ ಮಕ್ಕಳು ಅರ್ಧ ಗಂಟೆ ಕೊಡಬಹುದು. ಆರಿಸಿ ಬರದಿದ್ದ ದಿನ ಅವನ ಬೆನ್ನ ಮೇಲೆ ಕೈಯಿಡುವ ಒಬ್ಬ ಹಿರಿಯರಿದ್ದರೆ ಅವನು ಬಾಟಲಿಯತ್ತ ಕೈ ಚಾಚುವುದಿಲ್ಲ. ಮತ್ತು ಹಿಡಿದ ಕೈಯನ್ನು ಆರು ವರ್ಷಕ್ಕೇ ಬಿಡಬಾರದು. ದಾಸೋಹಕ್ಕೆ ಕೊನೆಯ ದಿನಾಂಕವಿಲ್ಲ.

ಮುಂದಿನ ಭರತ ಹುಣ್ಣಿಮೆಗೆ ಚಕ್ಕಡಿಗಳು ಮತ್ತೆ ಹೊರಡುತ್ತವೆ. ಹಳಿಯಾಳದಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ, ಹಾದಿಯ ಬದಿಯ ಮಗುವನ್ನು ಹತ್ತಿರ ಕರೆದು, ಬುತ್ತಿಯ ರೊಟ್ಟಿಯನ್ನು ಹಂಚಿಕೊಂಡು, "ಅಪ್ಪೀ, ನೀನು ಯಾವ ಆಟ ಆಡುತ್ತೀಯಪ್ಪಾ?" ಎಂದು ಕೇಳೋಣ. ಉತ್ತರ ಕೇಳಲು ತುಸು ಹೊತ್ತು ನಿಂತರೂ ಉಳವಿಯ ತೇರು ನಮಗಾಗಿ ಕಾದಿರುತ್ತದೆ.